ರಾಷ್ಟ್ರೀಯ ಮಹತ್ವದ ಗಟಾರ

ಕೇಳಿದ್ದಕ್ಕಷ್ಟೇ ಉತ್ತರ, ಹೆಚ್ಚಿಗೆ ಬಾಯಿ ಬಿಡಬೇಡಿ ಎಂದು ಪೌರತ್ವದ ಸಂದರ್ಶನಕ್ಕೆ ಹೊರಟ ಪ್ರತಿಯೊಬ್ಬ ಕನ್ನಡಿಗನಿಗೂ ಗೋವಿಂದರಾಜು ಅಂಕಲ್ ಬುದ್ಧಿ ಹೇಳಿ ಕಳಿಸುತ್ತಾರೆ. ಅವರದು ಸ್ಟಾಫರ್ಡಿನಲ್ಲಿ ಕಾರಿಗೆ ಗಾಜು ಕೂರಿಸುವ ಅಂಗಡಿ. ಮೈಸೂರಿನವರು, ಅಮೆರಿಕದ ಪ್ರಜೆಯಾಗಿ ಇಪ್ಪತ್ತೆರಡು ವರ್ಷವಾಯಿತು. ವೀಸಾ, ಗ್ರೀನ್ ಕಾರ್ಡು, ಪೌರತ್ವ ಯಾವುದೇ ಇರಲಿ, ಹ್ಯೂಸ್ಟನ್ನಿನ ಪಶ್ಚಿಮ ದಿಕ್ಕಿನ ಕನ್ನಡಿಗರಿಗೆಲ್ಲ ಅವರ ಮಾತೇ ಕೊನೆಯ ಮಾತು. ನನಗೆ ಮೂರು ಸಲ ಹೇಳಿದ್ದರು. ಮೂರು ಸಲವೂ ನಾನು ತಲೆ ಆಡಿಸಿದ್ದೆ. ತಲೆ ಆಡಿಸುವುದು ನನಗೆ ಮೊದಲಿನಿಂದಲೂ ಚೆನ್ನಾಗಿ ಬರುತ್ತದೆ.

ನಾನು ಕಲ್ಮೇಶ. ಊರು ಗದಗ, ಈಗಿನ ವಾಸ ಫುಲ್‌ಶೀರಿನ ಹೆರಾನ್ ಬೆಂಡ್ ಎಂಬ ಹೊಸ ಬಡಾವಣೆ. ತೈಲ ಕಂಪನಿಯೊಂದರಲ್ಲಿ ಸುರಕ್ಷತೆಯ ಎಂಜಿನಿಯರ್. ಅಂದರೆ ಬಿಸಿಲಿನಲ್ಲಿ ದುಡಿಯುವವರು ಹೆಲ್ಮೆಟ್ ಹಾಕಿಕೊಳ್ಳಬೇಕು ಎಂದು ಎ.ಸಿ. ಕೋಣೆಯಲ್ಲಿ ಕೂತು ಸ್ಲೈಡು ಮಾಡುವವನು. ಈ ದೇಶಕ್ಕೆ ಬಂದು ಹತ್ತೊಂಬತ್ತು ವರ್ಷ. ಆ ವೀಸಾ, ಈ ವಿಸ್ತರಣೆ, ಬೆರಳಚ್ಚು, ಮತ್ತೆ ಬೆರಳಚ್ಚು ಎಂದು ಸರದಿಯಲ್ಲಿ ನಿಂತೇ ನನ್ನ ಕೂದಲು ಉದುರಿತು. ಕೊನೆಗೆ ಫೆಬ್ರವರಿಯಲ್ಲಿ ಸಂದರ್ಶನದ ದಿನ ಬಂತು.

ಕನ್ನಡಕದ ಹೆಣ್ಣುಮಗಳೊಬ್ಬಳು ಅಧಿಕಾರಿ. ಒಳ್ಳೆಯವಳು. ಕಾನೂನು ಕೇಳಿದರೆ ಈ ದೇಶಕ್ಕಾಗಿ ಆಯುಧ ಹಿಡಿಯುವಿರಾ ಎಂದಳು. ಹಿಡಿಯುವೆ ಎಂದೆ. ಹಲ್ಲಿ ಓಡಿಸಲು ಹೆಂಡತಿಯನ್ನು ಕರೆಯುವವನು ನಾನು ಎಂದು ಹೇಳುವ ಜಾಗ ಫಾರ್ಮಿನಲ್ಲಿ ಇರಲಿಲ್ಲ. ಮುಂದಿನ ಪ್ರಶ್ನೆ: ಕಾನೂನು ಕೇಳಿದರೆ, ಸಿವಿಲಿಯನ್ ನಿರ್ದೇಶನದಲ್ಲಿ ರಾಷ್ಟ್ರೀಯ ಮಹತ್ವದ ಕೆಲಸ ಮಾಡಲು ಸಿದ್ಧರಿದ್ದೀರಾ?

ಸಿದ್ಧ ಎಂದೆ. ಅಲ್ಲಿಗೆ ಮುಗಿಯಬೇಕಿತ್ತು. ಅವಳು ತಲೆ ಎತ್ತಿ, ಹಾಗೆಂದರೆ ಏನೆಂದು ಗೊತ್ತೇ ಎಂದು ಕೇಳಿಬಿಟ್ಟಳು.

ಸಿವಿಲಿಯನ್ ಎಂದರೆ ಸೈನ್ಯಕ್ಕೆ ಸೇರದವರು ಎಂಬುದು ನನಗೆ ಆಗ ಹೊಳೆಯಲಿಲ್ಲ. ನಮ್ಮ ಕಡೆ ಸಿವಿಲ್ ಎಂಬ ಮಾತಿಗೆ ಇರುವುದು ಒಂದೇ ಅರ್ಥ. ಸಿವಿಲ್ ಕೆಲಸ ಎಂದರೆ ರಸ್ತೆ, ಸೇತುವೆ, ಗಟಾರ. ಸಿವಿಲ್ ಎಂಜಿನಿಯರ್ ಎಂದರೆ ಅದನ್ನು ಕಟ್ಟಿಸುವವನು, ಸಿವಿಲ್ ಕಾಂಟ್ರಾಕ್ಟರ್ ಎಂದರೆ ಅದನ್ನು ಕಟ್ಟದೆ ಮನೆ ಕಟ್ಟಿಸಿಕೊಳ್ಳುವವನು. ಸಿವಿಲ್ ಆಸ್ಪತ್ರೆ, ಸಿವಿಲ್ ಕೋರ್ಟು ಕೂಡ ಇದ್ದವು ನಿಜ, ಆದರೆ ಅಲ್ಲಿಗೆ ಹೋದವರು ತಿರುಗಿ ಬಂದು ಅರ್ಥ ಹೇಳಿದ್ದು ಕಡಿಮೆ. ಹಾಗಾಗಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತು ಹೇಳಿದೆ: "ಗೊತ್ತು ಮೇಡಂ. ರಸ್ತೆ, ಸೇತುವೆ, ಗಟಾರ. ಅದರಲ್ಲೂ ಗಟಾರದ ವಿಷಯದಲ್ಲಿ ನಮ್ಮ ಮನೆತನಕ್ಕೆ ಬಹಳ ಅನುಭವವಿದೆ. ನಾಳೆಯಿಂದಲೇ ಸಿದ್ಧ."

ಅವಳು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದಳು. ಆಮೇಲೆ ಏನೋ ಬರೆದುಕೊಂಡಳು. ಹೌದು ಎಂದು ಬರೆಯಲು ಅಷ್ಟು ಹೊತ್ತು ಬೇಕಿರಲಿಲ್ಲ. ಸಂದರ್ಶನ ಪಾಸಾಯಿತು. ಏಪ್ರಿಲ್‌ನಲ್ಲಿ ಪ್ರಮಾಣವಚನ, ಅದಾಗುವವರೆಗೆ ನೀವಿನ್ನೂ ಪ್ರಜೆಯಲ್ಲ, ನಡುವೆ ಏನಾದರೂ ಹೆಚ್ಚುಕಡಿಮೆಯಾದರೆ ಮತ್ತೆ ಪರಿಶೀಲನೆಯಾಗುತ್ತದೆ ಎಂದಳು. ಈ ಕೊನೆಯ ಮಾತನ್ನು ನಾನು ಮನೆಯವರೆಗೆ ಕಾಪಾಡಿಕೊಂಡು ತಂದೆ.

ಒಂಬತ್ತನೆಯ ದಿನ ಅಂಚೆಯಲ್ಲಿ ಕಾಗದ ಬಂತು. ಬಡಾವಣೆಯ ನೀರು ಮತ್ತು ಚರಂಡಿ ಮಂಡಳಿಯದು. 'ಪ್ರಿಯ ನಿವಾಸಿ, ನಿಮ್ಮ ಸೇವೆ ಬೇಕಾಗಿದೆ. ನಿಮ್ಮ ಮನೆಯ ಮುಂದಿನ ಇಪ್ಪತ್ತೇಳನೆಯ ನಂಬರಿನ ಮಳೆನೀರಿನ ಗಟಾರವನ್ನು ದತ್ತು ತೆಗೆದುಕೊಳ್ಳಿ. ಮಳೆ ಬರುವ ಮೊದಲು ಅದರ ಬಾಯಿಯಲ್ಲಿರುವ ಎಲೆ, ಕಸ ತೆಗೆದು ಹಾಕಿ.' ಕೆಳಗೆ ಸಹಿ. ಸಹಿಯ ಕೆಳಗೆ: ಡೈರೆಕ್ಟರ್, ಸಿವಿಲ್ ವರ್ಕ್ಸ್.

ಕಾಗದವನ್ನು ಇನ್ನೊಮ್ಮೆ ಓದಿದೆ. ಸಿವಿಲ್ ಇತ್ತು, ಡೈರೆಕ್ಟರ್ ಇತ್ತು. ಗಟಾರವಂತೂ ನಂಬರಿನ ಸಮೇತ ಇತ್ತು.

ನನ್ನ ಹೆಂಡತಿ ಶ್ರೀವಿದ್ಯಾ ಕಾಗದವನ್ನು ಎರಡು ಕ್ಷಣ ನೋಡಿ ಪಿಜ್ಜಾ ಕೂಪನ್ನುಗಳ ಜೊತೆಗೆ ಇಟ್ಟಳು. "ಜಂಕ್ ಮೇಲ್ ಐತ್ರಿ. ಎಲ್ಲಾರ ಮನಿಗೂ ಬಂದಿರ್ತೈತಿ."

"ಎಲ್ಲಾರೂ ಇಂಟರ್‌ವ್ಯೂದಾಗ ಗಟಾರ ಅಂದಿಲ್ಲ, ನಾ ಅಂದೇನಿ."

"ನೀವ್ಯಾಕ ಅಂದ್ರಿ?"

ಉತ್ತರವಿಲ್ಲದಾಗ ನಾನು ಗೋವಿಂದರಾಜು ಅಂಕಲ್‌ಗೆ ಫೋನ್ ಮಾಡುತ್ತೇನೆ. ಅವರು ಪೂರ್ತಿ ಕೇಳಿಸಿಕೊಂಡರು. ಹಿಂದೆ ಯಾರದೋ ಕಾರಿನ ಗಾಜು ಒಡೆಯುವ ಸದ್ದಾಯಿತು.

"ನಾನು ಹೇಳಿದ್ದೆ ತಾನೆ, ಬಾಯಿ ಬಿಡಬೇಡಿ ಅಂತ? ಈಗ ನೋಡಿ. ಟೆಸ್ಟ್ ಮಾಡ್ತಿದ್ದಾರೆ ಕಣ್ರೀ. ಬಾಯಲ್ಲಿ ಹೇಳಿದ್ದನ್ನ ಕೈಯಲ್ಲಿ ಮಾಡ್ತಾನಾ ಅಂತ. ನಮ್ಮ ಕಾಲದಲ್ಲಿ ಇಷ್ಟು ಸ್ಟ್ರಿಕ್ಟ್ ಇರ್ಲಿಲ್ಲ."

"ಮಾಡದಿದ್ರ ಏನ್ ಆಕ್ಕೈತ್ರಿ ಅಂಕಲ್?"

"ಹತ್ತೊಂಬತ್ತು ವರ್ಷ ನೀರಿಗೆ ಹೋಯ್ತು ಅನ್ಕೊಳ್ಳಿ," ಎಂದು ಅವರು ಫೋನ್ ಇಟ್ಟರು.

ಮೊದಲ ಶನಿವಾರ ನಾನು ಗಟಾರಕ್ಕೆ ಇಳಿದ ವೈಖರಿ ನೋಡಬೇಕಿತ್ತು. ಹೆಲ್ಮೆಟ್, ಹೊಳೆಯುವ ಜಾಕೆಟ್, ತೊಡೆಯವರೆಗಿನ ರಬ್ಬರ್ ಬೂಟು, ರಕ್ಷಣೆಯ ಕನ್ನಡಕ. ರಸ್ತೆಯಂಚಿನಲ್ಲಿ ಒಂದು ಗೇಣು ಎತ್ತರದ ಸೀಳು, ಅದರೊಳಗೆ ಮೊಣಕಾಲುದ್ದದ ಗುಂಡಿ. ಗಟಾರ ಅಷ್ಟೇ. ನಾಲ್ಕೂ ಕಡೆ ಕಿತ್ತಳೆ ಬಣ್ಣದ ಶಂಕುಗಳನ್ನಿಟ್ಟು, ಪೊರಕೆಯ ತುದಿಯಿಂದ ಒಂದೊಂದೇ ಓಕ್ ಎಲೆಯನ್ನು ನಾನು ಹೊರಗೆ ಆಹ್ವಾನಿಸುತ್ತಿದ್ದೆ. ಅರ್ಧ ಗಂಟೆಯಲ್ಲಿ ಹದಿನಾಲ್ಕು ಎಲೆ ಬಂದವು.

ಆಗ ಬಾಗಿಲು ತೆರೆದು ನನ್ನ ಅತ್ತೆ ಈರವ್ವ ಹೊರಗೆ ಬಂದರು. ಇಳಕಲ್ ಸೀರೆ, ಕಾಲಿಗೆ ಮೊಮ್ಮಗಳು ಸಾನ್ವಿಯ ಬಿಳಿ ಸ್ನೀಕರ್ಸು, ಕೈಯಲ್ಲಿ ಮಡಿಚುವ ಕುರ್ಚಿ. ಆರು ತಿಂಗಳಿಗೆಂದು ಬಂದಿದ್ದ ಅವರು ಗದಗಿನಲ್ಲಿ ಒಂದು ಅವಧಿಗೆ ವಾರ್ಡ್ ಮೆಂಬರ್ ಆಗಿದ್ದವರು. ಸಂದರ್ಶನದಲ್ಲಿ ನಾನು ಹೇಳಿದ ಮನೆತನದ ಅನುಭವ ಎಂದರೆ ಅವರೇ. ಆದರೆ ಅವರ ಅನುಭವ ಗಟಾರ ಬಳಿಸುವುದರಲ್ಲಿ ಇತ್ತು, ಬಳಿಯುವುದರಲ್ಲಿ ಅಲ್ಲ.

"ಅಳಿಯಂದಿರ, ಏನ್ ಮಾಡಾಕತ್ತೀರಿ? ಗಟಾರಕ್ಕ ಕಚಗುಳಿ ಇಡಾಕತ್ತೀರೇನು?"

ಅವರು ನೆರಳಿನಲ್ಲಿ ಕುರ್ಚಿ ಹಾಕಿ ಕೂತರು. "ಬಗ್ರಿ. ಇನ್ನೂ ಬಗ್ರಿ. ಪೊರಕಿ ಒಗೀರಿ, ಸಲಿಕಿ ತಗೋರಿ. ಒಳಗ ಕೈ ಹಾಕ್ರಿ. ಅಯ್ಯ, ಹಾವು ಅಲ್ಲ, ಅದು ಪೈಪ." ಸಿವಿಲಿಯನ್ ನಿರ್ದೇಶನ ಎಂದರೆ ಏನೆಂದು ನನಗೆ ಆ ದಿನ ಪೂರ್ತಿ ತಿಳಿಯಿತು.

ಹನ್ನೊಂದು ಗಂಟೆಗೆ ನಾನು ಕೆಸರಿನಲ್ಲಿ ಕೂತುಬಿಟ್ಟೆ. ಅತ್ತೆ ನೀರಿನ ಬಾಟಲಿ ಕೊಟ್ಟು ಹೇಳಿದರು: "ಪೌರ ಆಗೂದಕ್ಕಿಂತ ಮೊದಲ ಪೌರಕಾರ್ಮಿಕ ಆದ್ರಿ ನೋಡ್ರಿ." ಕುರ್ಚಿಗೆ ಮರಳಿ ಕೂತು, "ನಿಮ್ಮ ಓಣ್ಯಾಗ ಗಟಾರ ಬಳಿಯಾಕ ಬರತಿದ್ದಾಕಿ ಹೆಸರು ಏನ್ರಿ?" ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಹತ್ತು ವರ್ಷ ದಿನಾ ಬೆಳಿಗ್ಗೆ ಅವಳು ನಮ್ಮ ಬಾಗಿಲ ಮುಂದೆ ಬಗ್ಗಿದ್ದನ್ನು ನೋಡಿದ್ದೆ, ಮೂಗು ಮುಚ್ಚಿಕೊಂಡು ದಾಟಿದ್ದೆ. ನಾಚಿಕೆಯಾಯಿತು. ಅತ್ತೆಯೇ, "ನನಗೂ ಮೆಂಬರ್ ಆದ ಮ್ಯಾಲೇ ಗೊತ್ತಾಗಿದ್ದು," ಎಂದು ಹೇಳಿ ಕುರ್ಚಿ ಮಡಿಚಿದರು.

ಅಲ್ಲಿಗೆ ಇಬ್ಬರು ನನ್ನ ಕೆಲಸವನ್ನು ನೋಡಿ ಆಗಿತ್ತು. ಒಬ್ಬರು ಎದುರು ಮನೆಯ ಮಿಸೆಸ್ ಒಕಾಫೋರ್. ನೈಜೀರಿಯಾದವರು, ದೊಡ್ಡ ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ನರ್ಸು. ಕಾರು ನಿಲ್ಲಿಸಿ, ನಮ್ಮದು ಈ ರಸ್ತೆಯಲ್ಲೇ ತಗ್ಗಿನ ಮನೆ, ಹೋದ ವರ್ಷ ಈ ಗಟಾರ ಕಟ್ಟಿಕೊಂಡು ಅಮ್ಮನ ಕೋಣೆಗೆ ನೀರು ನುಗ್ಗಿತ್ತು, ಅವರಿಗೆ ಎದ್ದು ನಡೆಯಲು ಆಗುವುದಿಲ್ಲ, ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ ಎಂದರು. ನಾನು ಅರ್ಧ ಕೇಳಿಸಿಕೊಂಡೆ. ಇನ್ನರ್ಧ ಗಮನ ದೀಪದ ಕಂಬದ ಮೇಲಿತ್ತು, ಅಲ್ಲಿ ಕ್ಯಾಮರಾ ಇದೆಯೇ ಎಂದು.

ಇನ್ನೊಬ್ಬರು ಯಾರೆಂಬುದು ಗುರುವಾರ ಬಂದ ಎರಡನೆಯ ಕಾಗದದಿಂದ ತಿಳಿಯಿತು. 'ಶನಿವಾರ ಬೆಳಿಗ್ಗೆ 9.40ಕ್ಕೆ ನಿಮ್ಮ ಮನೆಯ ಮುಂದೆ ನಡೆದ ಕೆಲಸವನ್ನು ಗಮನಿಸಲಾಗಿದೆ. ಕಸದ ಚೀಲ ರಸ್ತೆಗೆ ಕಾಣುತ್ತಿದೆ. ಹತ್ತು ದಿನದಲ್ಲಿ ಸರಿಪಡಿಸಿ.' ಜೊತೆಗೆ ಬಣ್ಣದ ಫೋಟೋ. ಫೋಟೋದಲ್ಲಿ ನಾನಿದ್ದೆ, ಆದರೆ ಮುಖ ಬಂದಿರಲಿಲ್ಲ. ಬಗ್ಗಿದವನ ಹಿಂದಿನಿಂದ ತೆಗೆದದ್ದು, ಅಳತೆಯಲ್ಲಿ ಮಾತ್ರ ಪಾಸ್‌ಪೋರ್ಟಿಗೂ ಸಾಲುವಂತಿತ್ತು.

"ಇದು ಮನಿ ಮಾಲೀಕರ ಸಂಘದ್ದು," ಎಂದಳು ಶ್ರೀವಿದ್ಯಾ. "ಹುಲ್ಲು ಎರಡಿಂಚು ಬೆಳೆದ್ರ ಬರೀತಾರಲ್ಲ, ಅವರು."

"ಹುಲ್ಲು ಬೆಳೆದಾಗ ಟೈಮ್ ಬರೀತಾರೇನು?"

ಗೋವಿಂದರಾಜು ಅಂಕಲ್ ಫೋಟೋ ನೋಡಿ, "ಇನ್ಸ್‌ಪೆಕ್ಷನ್ ರಿಪೋರ್ಟ್," ಎಂದು ತೀರ್ಪು ಕೊಟ್ಟರು. "ಜಸ್ಟ್ ಪಾಸ್ ಮಾಡಿದ್ದಾರೆ. ಒಂದೇ ಗಟಾರ ಮಾಡಿದ್ರೆ ಹೀಗೇ. ಇಡೀ ರಸ್ತೆ ಮಾಡಿ."

ಮಾಡಿದೆ. ಆರು ವಾರ, ಹನ್ನೊಂದು ಗಟಾರ. ಸಾನ್ವಿ ಒಂದು ದಿನ ಬಂದು, "ಅಪ್ಪಾ, ಇಟ್ ಆಲ್ ಗೋಸ್ ಟು ದಿ ಬಾಯೂ. ದೇರ್ ಆರ್ ಟರ್ಟಲ್ಸ್ ಡೌನ್ ದೇರ್," ಎಂದಳು. ಇಲ್ಲಿನ ಹಳ್ಳಕ್ಕೆ ಬಾಯೂ ಎನ್ನುತ್ತಾರೆ. ನಮ್ಮ ರಸ್ತೆಯ ಬಾಟಲಿ, ಪ್ಲಾಸ್ಟಿಕ್ಕು, ಹುಲ್ಲಿಗೆ ಹಾಕಿದ ಔಷಧ ಎಲ್ಲವೂ ಸೋಸದೆ ನೇರ ಅಲ್ಲಿಗೇ, ಅಲ್ಲಿಂದ ಸಮುದ್ರಕ್ಕೆ ಹೋಗುತ್ತದಂತೆ. ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಆಮೆಗಳ ಮೇಲೆ ನನಗೆ ದ್ವೇಷವಿರಲಿಲ್ಲ, ಆದರೆ ಆಮೆ ಯಾರ ಅರ್ಜಿಗೂ ಸಹಿ ಹಾಕುವುದಿಲ್ಲ ಎಂದು ಆಗ ಅಂದುಕೊಂಡೆ.

ಸುದ್ದಿ ಹರಡಿತು. ಡಾಲಸ್ಸಿನಿಂದ ನನ್ನ ಭಾವಮೈದುನ ಚಿದಾನಂದ್ ಗಾಬರಿಯಿಂದ ಫೋನ್ ಮಾಡಿದ. ಅವನ ಸಂದರ್ಶನ ಮುಂದಿನ ತಿಂಗಳಿತ್ತು. "ಮಾಮಾ, ನಾ ಮೂರನೇ ಮಹಡಿ ಅಪಾರ್ಟ್‌ಮೆಂಟ್‌ನಾಗ ಅದೀನಿ. ನನಗ ಗಟಾರನ ಇಲ್ಲ. ಬಾಜೂ ಪಾರ್ಕಿನ್ಯಾಗ ಬಾತುಕೋಳಿ ಕೆರಿ ಐತಿ, ನಡೀತೈತೇನು?" ಅಂಕಲ್ ಅವರನ್ನು ಕೇಳಿ ಹೇಳುತ್ತೇನೆ ಎಂದೆ. ಅಂಕಲ್ ಯೋಚಿಸಿ, ಕೆರೆ ಆದರೆ ಇನ್ನೂ ಒಳ್ಳೆಯದು ಎಂದರು. ಚಿದಾನಂದ್ ಎರಡು ಭಾನುವಾರ ಬಾತುಕೋಳಿಗಳ ಕೈಯಲ್ಲಿ ಕಚ್ಚಿಸಿಕೊಂಡ. ಆಸ್ಟಿನ್ ಮುಟ್ಟುವ ಹೊತ್ತಿಗೆ ಸುದ್ದಿ ಇನ್ನಷ್ಟು ಬೆಳೆದಿತ್ತು. ಅಲ್ಲಿನ ನನ್ನ ಸಹಪಾಠಿ ಅವಿನಾಶ್ ಫೋನ್ ಮಾಡಿ, ನಾನು ಗಟಾರಕ್ಕೆ ಬಿದ್ದೆನಂತೆ, ಯಾವ ಆಸ್ಪತ್ರೆ ಎಂದು ಕೇಳಿದ.

ಪ್ರಮಾಣವಚನ ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ, ಹ್ಯೂಸ್ಟನ್ನಿನ ಆ ತುದಿಯ ಸಭಾಂಗಣದಲ್ಲಿ. ಕೊನೆಯ ಗಳಿಗೆಯಲ್ಲಿ ಯಾರೂ ತಪ್ಪು ಹುಡುಕಬಾರದೆಂದು ಮಂಗಳವಾರ ಸಂಜೆ ಇಡೀ ರಸ್ತೆಯನ್ನು ಇನ್ನೊಮ್ಮೆ ಬಾಚಿ, ಹದಿಮೂರು ಕಾಗದದ ಚೀಲ ಎಲೆ ತುಂಬಿದೆ. ಬುಧವಾರ ಕಸದ ಗಾಡಿ ಬರುವ ದಿನ. ಹದಿಮೂರನ್ನೂ ರಸ್ತೆಯಂಚಿನಲ್ಲಿ ಸಾಲಾಗಿ, ಮಿಲಿಟರಿ ಶಿಸ್ತಿನಲ್ಲಿ ನಿಲ್ಲಿಸಿದೆ. ದೂರ ನಿಂತು ನೋಡಿ ಹೆಮ್ಮೆಪಟ್ಟೆ.

ಬುಧವಾರ ಬೆಳಗಾಗುವಾಗಲೇ ಮಳೆ ಶುರುವಾಯಿತು. ಟೆಕ್ಸಸ್ಸಿನ ಏಪ್ರಿಲ್ ಮಳೆ ಸುರಿಯುವುದಿಲ್ಲ, ಮೇಲಿನಿಂದ ಯಾರೋ ಕೊಡ ಬೋರಲು ಹಾಕಿದ ಹಾಗೆ ಬೀಳುತ್ತದೆ. ಏಳು ಗಂಟೆಗೆ ಸೂಟು, ಕೆಂಪು ಟೈ, ಹೊಸ ಬೂಟು ಹಾಕಿಕೊಂಡು ಬಾಗಿಲು ತೆರೆದೆ. ಚೀಲಗಳು ಕಾಗದದವು ಎಂದು ಹೇಳಿದೆನಲ್ಲ. ಹದಿಮೂರೂ ಕರಗಿ ಒಡೆದಿದ್ದವು. ಆರು ವಾರದ ನನ್ನ ದೇಶಸೇವೆ ರಸ್ತೆಯಲ್ಲಿ ತೇಲುತ್ತ ಬಂದು, ನೇರವಾಗಿ ಇಪ್ಪತ್ತೇಳನೆಯ ಗಟಾರದ ಬಾಯಿಗೆ ಬಿರಡೆಯಂತೆ ಕೂತಿತ್ತು. ನೀರು ರಸ್ತೆ ತುಂಬಿ ಒಕಾಫೋರ್ ಅವರ ಅಂಗಳ ಹತ್ತುತ್ತಿತ್ತು.

ಶ್ರೀವಿದ್ಯಾ ಕಾರು ಸ್ಟಾರ್ಟ್ ಮಾಡಿ ಕೂತಿದ್ದಳು. ನಾನು ಅಂಕಲ್‌ಗೆ ಫೋನ್ ಮಾಡಿದೆ. "ಗಟಾರ ಬಿಟ್ಟರ ಟೆಸ್ಟ್ ಫೇಲು, ಬಿಡದಿದ್ರ ಪ್ರಮಾಣವಚನ ತಪ್ತೈತಿ. ಏನ್ ಮಾಡ್ಲ್ರಿ?"

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಗೋವಿಂದರಾಜು ಅಂಕಲ್‌ಗೆ ಉತ್ತರ ಹೊಳೆಯಲಿಲ್ಲ. "ಸಿಗ್ನಲ್ ಸರಿಯಿಲ್ಲ ಕಣ್ರೀ," ಎಂದು ಫೋನ್ ಇಟ್ಟರು.

ಅಷ್ಟರಲ್ಲಿ ಮಂಡಳಿಯ ಹಳದಿ ಟ್ರಕ್ಕು ಬಂದು ನಿಂತಿತು. ತೊಯ್ದು ತೊಪ್ಪೆಯಾಗಿದ್ದ ದಪ್ಪ ಮನುಷ್ಯನೊಬ್ಬ ತಲೆ ಹೊರಹಾಕಿದ. ಅವನೇ ಡೈರೆಕ್ಟರ್, ಸಿವಿಲ್ ವರ್ಕ್ಸ್. ನಾನು ಸೂಟಿನಲ್ಲೇ ಅಟೆನ್ಷನ್ನಿನಲ್ಲಿ ನಿಂತು, ಸರ್, ನಾನು ಇಪ್ಪತ್ತೇಳನೆಯ ನಂಬರು, ಇವತ್ತೇ ನನ್ನ ಪ್ರಮಾಣವಚನ, ದಯವಿಟ್ಟು ಅರ್ಧ ದಿನ ರಜೆ ಕೊಡಿ, ನನ್ನ ರಿಪೋರ್ಟು ಹಾಳುಮಾಡಬೇಡಿ ಎಂದು ಬೇಡಿಕೊಂಡೆ.

ಅವನಿಗೆ ಅರ್ಥವಾಗಲು ಮೂರು ಸಲ ಹೇಳಬೇಕಾಯಿತು. ಮೂರನೆಯ ಸಲ ಅವನ ಬಾಯಿ ತೆರೆದೇ ಉಳಿಯಿತು. ಆ ಕಾಗದವನ್ನು ಬಡಾವಣೆಯ ನಾನೂರ ಹನ್ನೆರಡು ಮನೆಗೂ ಕಳಿಸಿದ್ದೆವು, ಅದಕ್ಕೂ ಪೌರತ್ವಕ್ಕೂ ಸಂಬಂಧವಿಲ್ಲ, ಬೇಕಾದವರು ಮಾಡಬಹುದು ಅಷ್ಟೇ ಎಂದ. ಆಮೇಲೆ, ಮಾಡಿದವರು ನೀವೊಬ್ಬರೇ ಎಂದೂ ಸೇರಿಸಿದ. ಶಾಲೆಯ ಹತ್ತಿರ ಇದಕ್ಕಿಂತ ಜಾಸ್ತಿ ನೀರು ನಿಂತಿದೆ, ನನ್ನ ಹತ್ತಿರ ಈಗ ಇಲ್ಲಿಗೆ ಕಳಿಸಲು ಜನರಿಲ್ಲ, ನೀವು ಹೋಗಿ, ಒಳ್ಳೆಯದಾಗಲಿ ಎಂದು ಹೇಳಿ ಹೊರಟುಹೋದ.

ಮಳೆಯಲ್ಲಿ ನಿಂತು ನಾನು ನನ್ನ ಆರು ವಾರಗಳನ್ನು ನೆನೆಸಿಕೊಂಡೆ. ಶಂಕುಗಳು, ಹೆಲ್ಮೆಟ್ಟು, ಬಾತುಕೋಳಿ ಕಚ್ಚಿದ ಚಿದಾನಂದ್. ನನ್ನಂಥ ದಡ್ಡ ಗದಗಿನಿಂದ ಗ್ಯಾಲ್ವೆಸ್ಟನ್ನಿನವರೆಗೆ ಹುಡುಕಿದರೂ ಸಿಗಲಿಕ್ಕಿಲ್ಲ. ಶ್ರೀವಿದ್ಯಾ ಕಾರಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ನಗಲಿಲ್ಲ. "ಬರ್ರಿ, ಇನ್ನೂ ಟೈಮ್ ಐತಿ," ಎಂದಳು.

ಎದುರು ಮನೆಯ ಕಿಟಕಿಯಲ್ಲಿ ಮಿಸೆಸ್ ಒಕಾಫೋರ್ ಅವರ ಅಮ್ಮ ಗಾಲಿಕುರ್ಚಿಯಲ್ಲಿ ಕೂತು ನೀರನ್ನು ನೋಡುತ್ತಿದ್ದರು. ಮಗಳು ಪಾಳಿ ಮುಗಿಸಿ ಇನ್ನೂ ಬಂದಿರಲಿಲ್ಲ. ಬಾಗಿಲಿಗೂ ನೀರಿಗೂ ನಡುವೆ ಒಂದು ಮೆಟ್ಟಿಲು ಉಳಿದಿತ್ತು. ಎಲೆ ನನ್ನದು, ಚೀಲ ನನ್ನದು, ಸಾಲಾಗಿ ನಿಲ್ಲಿಸಿ ಹೆಮ್ಮೆಪಟ್ಟವನೂ ನಾನೇ.

ಈರವ್ವ ಛತ್ರಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಏನಾದರೂ ಹೇಳಲಿ ಎಂದು ಅವರ ಮುಖ ನೋಡಿದೆ. "ಅದು ನಿಮಗ ಬಿಟ್ಟದ್ದು," ಎಂದರು. ಹದಿನೇಳು ವರ್ಷದ ಸಂಬಂಧದಲ್ಲಿ ಅವರು ನನಗೆ ಏನನ್ನಾದರೂ ಬಿಟ್ಟಿದ್ದು ಅದೇ ಮೊದಲು.

ಕೋಟು ಬಿಚ್ಚಿ ಅತ್ತೆಯ ಕೈಗೆ ಕೊಟ್ಟೆ. ಹೊಸ ಬೂಟಿನ ಸಮೇತ ನೀರಿಗಿಳಿದೆ. ಸಲಿಕೆ ಗ್ಯಾರೇಜಿನಲ್ಲಿತ್ತು, ತರುವಷ್ಟು ಪುರುಸೊತ್ತಿರಲಿಲ್ಲ. ಹೊಟ್ಟೆಯ ಮೇಲೆ ಮಲಗಿ, ಭುಜದವರೆಗೆ ಕೈ ಒಳಗೆ ಹಾಕಿ, ಎಲೆಯ ಮುದ್ದೆಗಳನ್ನು ಎಳೆದು ಎಳೆದು ಮೇಲಕ್ಕೆ ಹಾಕಿದೆ. ಹೊಸ ಎಲೆಗಳು ತೇಲಿಕೊಂಡು ಬರುತ್ತಲೇ ಇದ್ದವು. ಹತ್ತು ನಿಮಿಷ ಸಾಕು ಎಂದುಕೊಂಡಿದ್ದೆ. ಶ್ರೀವಿದ್ಯಾ ಒಂದೆರಡು ಸಲ ಹಾರ್ನ್ ಹೊಡೆದಳು. ಆಮೇಲೆ ಕಾರು ಆಫ್ ಮಾಡಿ, ರೇಷ್ಮೆ ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿಕೊಂಡು, ಕಸದ ಬುಟ್ಟಿ ಹಿಡಿದು ಬಂದಳು. ಸಾನ್ವಿ ಬಂದಳು. ಈರವ್ವ ನೀರು ದಾಟಿ ಎದುರು ಮನೆಗೆ ಹೋಗಿ, ಬಾಗಿಲಿನೊಳಗೆ ಟವೆಲ್ಲು ಒತ್ತಿ, ಆ ಅಜ್ಜಿಯ ಪಕ್ಕ ಕೂತು ಕನ್ನಡದಲ್ಲಿ ಧೈರ್ಯ ಹೇಳತೊಡಗಿದರು. ಅಜ್ಜಿ ತಮ್ಮ ಭಾಷೆಯಲ್ಲಿ ಉತ್ತರ ಕೊಡುತ್ತಿದ್ದರು.

ಗಟಾರ ಗೊಳಕ್ ಎಂದು ಬಾಯಿ ಬಿಟ್ಟಾಗ ಎಂಟೂವರೆ. ನೀರು ಮೆಟ್ಟಿಲ ಅರ್ಧಕ್ಕೆ ಬಂದು, ಅಲ್ಲೇ ಸ್ವಲ್ಪ ಹೊತ್ತು ಯೋಚಿಸಿ ಹಿಂದೆ ಸರಿಯಿತು. ಸಭಾಂಗಣಕ್ಕೆ ಬಿಸಿಲಿನಲ್ಲೇ ಒಂದು ಗಂಟೆಯ ದಾರಿ, ಮಳೆಯಲ್ಲಿ ಒಂದೂವರೆ.

ಶ್ರೀವಿದ್ಯಾ ಒದ್ದೆ ಕೈಯಲ್ಲೇ ಪ್ರಮಾಣವಚನದ ಕಾಗದ ತೆರೆದು ಓದಿದಳು. "ಬರಾಕ ಆಗಲಿಲ್ಲ ಅಂತ ಕಾರಣ ಬರದು ಕಳಿಸಿದ್ರ ಇನ್ನೊಂದು ಡೇಟ್ ಕೊಡತಾರ. ಯಾವಾಗ ಅಂತ ಇಲ್ಲ. ಪದೇ ಪದೇ ತಪ್ಪಿಸಿದ್ರ ಅರ್ಜಿನ ಹೋಗ್ತೈತಿ." ನನ್ನ ಮುಖ ನೋಡಿ, "ಕಾರಣ ನಾ ಬರೀತೀನಿ, ನೀವು ಬರೀಬ್ಯಾಡ್ರಿ," ಎಂದಳು. ಹತ್ತೊಂಬತ್ತು ವರ್ಷದ ಮೇಲೆ ಇನ್ನೆಷ್ಟು ತಿಂಗಳೋ ಎಂದು ಕೆಸರಿನ ಬೆರಳಲ್ಲೇ ಲೆಕ್ಕ ಹಾಕಿದೆ. ಸುಳ್ಳೇಕೆ ಹೇಳಲಿ, ಸ್ವಲ್ಪ ಕಣ್ಣೀರೂ ಹಾಕಿದೆ. ಮಳೆಯಿತ್ತು, ಯಾರಿಗೂ ಕಾಣಲಿಲ್ಲ.

ಹನ್ನೊಂದು ಗಂಟೆಗೆ ಮಳೆ ನಿಂತಿತು. ನಾನು ರಸ್ತೆಯಂಚಿನಲ್ಲೇ ಕೂತಿದ್ದೆ, ಅಂಗಿಯ ಬಣ್ಣ ಗುರುತು ಸಿಗದಷ್ಟು ಕೆಸರು. ಪಾಳಿ ಮುಗಿಸಿ, ದಾರಿಯಲ್ಲಿ ಮಳೆಗೆ ಸಿಕ್ಕಿಕೊಂಡು ತಡವಾಗಿ ಬಂದ ಮಿಸೆಸ್ ಒಕಾಫೋರ್ ಮನೆಯೊಳಗೆ ಹೋಗಿ, ಒದ್ದೆಯಾಗದ ನೆಲ ನೋಡಿ, ಹೊರಗೆ ಬಂದು ನನ್ನ ಪಕ್ಕದಲ್ಲಿ ಆ ಕೆಸರಿನಲ್ಲೇ ಕೂತರು. ಅದೇ ಹೊತ್ತಿಗೆ ಗೋವಿಂದರಾಜು ಅಂಕಲ್ ಕಾರು ಬಂದು ನಿಂತಿತು. ರೇಷ್ಮೆ ಜುಬ್ಬಾ, ಕೈಯಲ್ಲಿ ಒಂದು ಹಾರ, ಒಂದು ಡಬ್ಬಿ ಮೈಸೂರು ಪಾಕು. ಗಟಾರ ಬಿಟ್ಟು ಪ್ರಮಾಣವಚನಕ್ಕೇ ಹೋಗಿ ಬಂದಿರುತ್ತೇನೆಂದುಕೊಂಡು ಅಭಿನಂದಿಸಲು ಸ್ಟಾಫರ್ಡಿನಿಂದ ಬಂದಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಗಟಾರದಲ್ಲಿ ನೀರು ಸರಾಗವಾಗಿ ಇಳಿಯುತ್ತಿತ್ತು.

"ಆಯ್ತಾ?" ಎಂದು ಕೇಳಿದರು.

"ಆಯ್ತ್ರಿ," ಎಂದೆ.

ಅವರು ಹಾರವನ್ನು ನನ್ನ ಕೊರಳಿಗೆ ಹಾಕಿ, ಕೆಸರನ್ನೂ ಲೆಕ್ಕಿಸದೆ ಕೈ ಕುಲುಕಿ, ಇವತ್ತಿನಿಂದ ನೀವು ಈ ದೇಶದ ಪ್ರಜೆ ಕಣ್ರೀ ಎಂದರು. ನಾನು ತಿದ್ದಲು ಹೋಗಲಿಲ್ಲ.